ಹಳ್ಳಿಗಳನ್ನು ಚೀಟಿ ಎತ್ತಿ ಆರಿಸುವುದು ನ್ಯಾಯವೇ?

ಪ್ರಶ್ನೆ: ಪಶ್ಚಿಮ ಆಫ್ರಿಕಾದ ಬೆನಿನ್‌ನಲ್ಲಿ ಭೂಮಿಯ ಹಕ್ಕು ದಾಖಲಿಸುವ ಯೋಜನೆಗೆ ಹಳ್ಳಿಗಳನ್ನು ಚೀಟಿ ಎತ್ತಿ ಆರಿಸಿದರೆಂದು ಓದಿದೆ. ಅನ್ನ ಕೊಡುವ ಜಮೀನಿನ ವಿಷಯವನ್ನು ಅದೃಷ್ಟಕ್ಕೆ ಬಿಡಬಹುದೇ?

ಉತ್ತರ: ತಮ್ಮ ಆತಂಕ ಸಹಜವಾದುದು. ಆದರೆ ಅಲ್ಲಿ ಚೀಟಿಯಿಂದ ತೀರ್ಮಾನವಾದದ್ದು ಯಾವ ಹೊಲ ಯಾರದೆಂಬುದಲ್ಲ, ಅಳತೆಯವರು ಯಾವ ಹಳ್ಳಿಗೆ ಹೋಗಬೇಕೆಂಬುದು. ಅಮೆರಿಕ ಸರ್ಕಾರದ ನೆರವು ಸಂಸ್ಥೆಯಾದ ಮಿಲೇನಿಯಮ್ ಚಾಲೆಂಜ್ ಕಾರ್ಪೊರೇಷನ್ನಿನೊಡನೆ 2006ರಲ್ಲಾದ ಒಪ್ಪಂದದ ಹಣ ಸುಮಾರು 300 ಹಳ್ಳಿಗಳಿಗಷ್ಟೇ ಸಾಲುವಂತಿತ್ತು; ಅರ್ಹವೆನಿಸಿದ ಹಳ್ಳಿಗಳು 570ಕ್ಕೂ ಹೆಚ್ಚು. ಯಾರನ್ನಾದರೂ ಬಿಡಲೇಬೇಕಾಗಿದ್ದಾಗ, ಪ್ರಭಾವಿಗಳ ಊರನ್ನು ಒಳಗೊಳಗೇ ಆರಿಸುವುದಕ್ಕಿಂತ ಎಲ್ಲರೆದುರು ಚೀಟಿ ಎತ್ತುವುದೇ ಮೇಲೆಂದು ನಾನು ನಂಬುತ್ತೇನೆ.

ಹೆಸರು ಬಂದ ಹಳ್ಳಿಗಳಲ್ಲಿ ರೂಢಿಯಿಂದ ಬಂದ ಹಕ್ಕುಗಳನ್ನು ವಿಚಾರಿಸಿ, ಹೊಲಗಳನ್ನು ಅಳೆದು, ಗಡಿಕಲ್ಲು ನೆಟ್ಟು, ನಕ್ಷೆ ತಯಾರಿಸಲಾಯಿತು. ಆಯ್ಕೆಯಲ್ಲಿ ಯಾರ ಕೈವಾಡವೂ ಇರಲಿಲ್ಲವಾದ್ದರಿಂದ ಹೆಸರು ಬಂದ, ಬಾರದ ಎರಡೂ ಗುಂಪಿನ ಹಳ್ಳಿಗಳು ಮೊದಲಿಗೆ ಹೆಚ್ಚು ಕಡಿಮೆ ಒಂದೇ ಬಗೆಯವಾಗಿದ್ದವು. ಮುಂದೆ ಕಂಡ ವ್ಯತ್ಯಾಸವನ್ನು ಯೋಜನೆಯ ಫಲವೆಂದು ಧೈರ್ಯದಿಂದ ಹೇಳಲು ಇದರಿಂದಲೇ ಸಾಧ್ಯವಾಯಿತು. ಹಕ್ಕುಪತ್ರ ಕೈಸೇರುವ ಮೊದಲೇ, 2011ರ ಸಮೀಕ್ಷೆಯ ಹೊತ್ತಿಗೆ, ಅಳತೆಯಾದ ಹಳ್ಳಿಗಳ ಕುಟುಂಬಗಳು ಮರಗಳನ್ನೂ ಬಹುವಾರ್ಷಿಕ ಬೆಳೆಗಳನ್ನೂ ಬೆಳೆಸುವ ಸಾಧ್ಯತೆ ಶೇ 23ರಿಂದ 43ರಷ್ಟು ಹೆಚ್ಚಿತ್ತು. ನಾಳೆ ಯಾರೋ ಬಂದು ಬಿಡಿಸುವರೆಂಬ ಭಯವಿರುವ ಹೊಲದಲ್ಲಿ ಹತ್ತಾರು ವರ್ಷ ಕಾಯಬೇಕಾದ ಮರವನ್ನು ಯಾರು ನೆಟ್ಟಾರು?

ನನ್ನ ಮನಸ್ಸಿಗೆ ಹೆಚ್ಚು ನಾಟಿದ್ದು ಹೆಂಗಸರ ನಡೆ. ಗಂಡಸರು ಜಮೀನನ್ನು ಬೀಳು ಬಿಟ್ಟು ಮಣ್ಣಿಗೆ ವಿಶ್ರಾಂತಿ ಕೊಡುತ್ತಿದ್ದಷ್ಟು, ಒಕ್ಕಲುತನದ ಹೊಣೆ ಹೊತ್ತ ಹೆಂಗಸರು ಕೊಡಲಾಗುತ್ತಿರಲಿಲ್ಲ. ಬೀಳು ಬಿದ್ದ ಹೊಲ ಪರರ ಪಾಲಾದೀತೆಂಬ ಅಂಜಿಕೆ ಅವರಿಗೆ. ಗಡಿಕಲ್ಲು ನೆಟ್ಟ ಹಳ್ಳಿಗಳಲ್ಲಿ ಈ ಅಂತರ ಅಳಿಯಿತು. ಆದರೆ ಅವರು ತಮ್ಮ ದುಡಿಮೆಯನ್ನು ಹಕ್ಕು ಗಟ್ಟಿಯಾದ ಹೊಲದಿಂದ, ಅಳತೆಯಾಗದ ಊರ ಹೊರಗಿನ ಹೊಲಗಳಿಗೆ ತಿರುಗಿಸಿದರು. ಅವನ್ನೂ ಉಳಿಸಿಕೊಳ್ಳಬೇಕಿತ್ತಲ್ಲ! ಊರ ಗಡಿಯಲ್ಲೇ ನಿಲ್ಲುವ ಅಳತೆ ಹೆಂಗಸರಿಗೆ ಅರ್ಧ ಅಭಯವನ್ನಷ್ಟೇ ಕೊಟ್ಟಂತಾಯಿತು.

ನಮ್ಮ ಅರಣ್ಯ ಹಕ್ಕು ಕಾಯ್ದೆ, 2006ರಂತೆ ಕಾನೂನೇ ಹಕ್ಕನ್ನು ಮಾನ್ಯ ಮಾಡಿರುವಲ್ಲಿ ಚೀಟಿಯಿಂದ ಯಾರನ್ನೂ ಹೊರಗಿಡಲಾಗದು. ಹೆಚ್ಚೆಂದರೆ ಯಾವ ಊರು ಮೊದಲು ಎಂಬ ಸರದಿಯನ್ನು ನಿರ್ಧರಿಸಬಹುದು. ಹಾಗೆ ಮಾಡುವುದಾದರೆ, ಉಳಿದ ಊರುಗಳ ಅಳತೆ ಯಾವ ವರ್ಷವೆಂಬುದನ್ನು ಚೀಟಿ ಎತ್ತಿದ ದಿನವೇ, ಅದೇ ಸಭೆಯಲ್ಲಿ, ಬರೆದುಕೊಡಬೇಕು.