ಏರೋಸ್ಪೇಸ್ ಸೀಟು ಸಿಗದಿದ್ದರೂ ಈ ದಾರಿ ಮುಚ್ಚುವುದಿಲ್ಲ

ಓದುಗರ ಪತ್ರ: "ದ್ವಿತೀಯ ಪಿಯು ಓದುತ್ತಿದ್ದೇನೆ. ಚಂದ್ರಯಾನದಂಥ ನೌಕೆಗಳ ದಾರಿ ಲೆಕ್ಕ ಹಾಕುವ ನ್ಯಾವಿಗೇಶನ್ ಎಂಜಿನಿಯರ್ ಆಗುವಾಸೆ. ಮನೆಯಲ್ಲಿ ರಾಯಚೂರು, ಇಲ್ಲವೇ ಬಳ್ಳಾರಿಯಲ್ಲಿ ಎಲೆಕ್ಟ್ರಾನಿಕ್ಸ್ ಓದು ಅನ್ನುತ್ತಾರೆ. ಏರೋಸ್ಪೇಸ್ ಓದದೆ ಆಗುತ್ತದೆಯೇ?"
— ವಿದ್ಯಾರ್ಥಿನಿ, ಸಿಂಧನೂರು

ಸಂಪಾದಕರ ಉತ್ತರ:

ಆಗುತ್ತದೆ. ಇಸ್ರೋದ 'ವಿಜ್ಞಾನಿ/ಎಂಜಿನಿಯರ್ ಎಸ್‌ಸಿ' ಹುದ್ದೆಗೆ ಹೆಚ್ಚಾಗಿ ಕರೆಯುವುದೇ ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್, ಕಂಪ್ಯೂಟರ್ ಸೈನ್ಸ್ ಓದಿದವರನ್ನು. ಬಿಇಯಲ್ಲಿ ಶೇ. 65 ಅಂಕ ಬೇಕು, ಅದನ್ನು ಮೊದಲ ಸೆಮಿಸ್ಟರಿನಿಂದಲೇ ಕಾಯ್ದುಕೊಳ್ಳಿ. ಸಿಇಟಿ ಸೀಟಿಗೆ ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿ ಸಿಗುತ್ತದೆ, ಅರ್ಹತಾ ಪತ್ರವನ್ನು ಈಗಲೇ ಮಾಡಿಸಿಡಿ. ಇಸ್ರೋ ನೇಮಕಾತಿಗೆ ಮಾತ್ರ ಅದು ಅನ್ವಯಿಸದು.

ಇನ್ನು ಕೆಲಸದ ವಿಷಯ. ತುಂಗಭದ್ರಾ ಎಡದಂಡೆ ಕಾಲುವೆಯ ಗೇಜು ತೋರಿಸಿದಷ್ಟೂ ನೀರು ಹೊಲಕ್ಕೆ ಬರುತ್ತದೆಂದು ನಿಮ್ಮ ಕಡೆಯ ರೈತರು ನಂಬುವುದಿಲ್ಲ. ಸೋರಿಕೆ ಕಳೆದೇ ಅಂದಾಜು ಹಾಕುತ್ತಾರೆ. ನೌಕೆಯ ಲೆಕ್ಕವೂ ಹಾಗೆಯೇ. ಬೆಂಗಳೂರು ಬಳಿಯ ಬ್ಯಾಲಾಳಿನಲ್ಲಿರುವ ಇಸ್ರೋದ 32 ಮೀಟರ್ ಆಂಟೆನಾದಂಥ ಕೇಂದ್ರದಿಂದ ಹೋದ ಸಂಕೇತ ನೌಕೆ ಮುಟ್ಟಿ ಮರಳಲು ಹಿಡಿದ ಹೊತ್ತಿನಿಂದ ದೂರ ತಿಳಿಯುತ್ತದೆ, ತರಂಗಾಂತರದ ಬದಲಾವಣೆಯಿಂದ ವೇಗ. ಹೊತ್ತಿನಲ್ಲಿ ಒಂದು ಮೈಕ್ರೋಸೆಕೆಂಡ್ ತಪ್ಪಿದರೆ ದೂರದಲ್ಲಿ 150 ಮೀಟರ್ ತಪ್ಪು. ಅದೂ ನಮ್ಮಿಂದ ನೌಕೆಗಿರುವ ನೇರದ ವೇಗವಷ್ಟೇ ಸಿಗುತ್ತದೆ, ಅಡ್ಡಚಲನೆ ನೇರವಾಗಿ ಕಾಣದು. ಹಾಗಾಗಿ ಗಂಟೆಗಟ್ಟಲೆ ಅಳತೆ ಕೂಡಿಸಿ, ಗುರುತ್ವ ಮತ್ತು ನೌಕೆಯನ್ನು ತಳ್ಳುವ ಬಿಸಿಲಿನ ಒತ್ತಡದ ಲೆಕ್ಕದೊಂದಿಗೆ ತಾಳೆ ನೋಡಬೇಕು. ಇದಕ್ಕೆ ಬೇಕಾದ ಸಂಭವನೀಯತೆ, ಮ್ಯಾಟ್ರಿಕ್ಸ್, ಡಿಫರೆನ್ಷಿಯಲ್ ಸಮೀಕರಣಗಳನ್ನು ಯಾವ ಬ್ರಾಂಚಿನಲ್ಲೂ ಕಲಿಯಬಹುದು.

ಕೆಡುವುದು ಹೆಚ್ಚಾಗಿ ಸಣ್ಣದರಲ್ಲೇ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್‌ಗೆ ಒಂದು ತಂತ್ರಾಂಶ ಥ್ರಸ್ಟರ್‌ಗಳ (ಸಣ್ಣ ಎಂಜಿನ್‌ಗಳ) ತಳ್ಳುವಿಕೆಯ ಲೆಕ್ಕವನ್ನು ಪೌಂಡ್-ಸೆಕೆಂಡಿನಲ್ಲಿ ಕೊಟ್ಟಿತು, ಇನ್ನೊಂದು ಅದನ್ನು ನ್ಯೂಟನ್-ಸೆಕೆಂಡೆಂದು ಓದಿತು. ಸುಮಾರು 4.45 ಪಟ್ಟು ವ್ಯತ್ಯಾಸ. ಮಂಗಳನ ಮೇಲೆ 226 ಕಿ.ಮೀ. ಎತ್ತರದಲ್ಲಿ ಹಾಯಬೇಕಿದ್ದ ನೌಕೆ ಸುಮಾರು 57 ಕಿ.ಮೀ.ಗೆ ಇಳಿದು ಹಾಳಾಯಿತು. ಲೆಕ್ಕ ತಾಳೆಯಾಗುತ್ತಿಲ್ಲವೆಂಬ ಸುಳಿವು ಮೊದಲೇ ಸಿಕ್ಕಿತ್ತು. ಅದನ್ನು ಬೆನ್ನುಹತ್ತದೆ ಬಿಟ್ಟದ್ದೇ ಯೂನಿಟ್ಟಿನ ತಪ್ಪಿಗಿಂತ ದೊಡ್ಡದೆಂದು ನನ್ನ ಅಭಿಪ್ರಾಯ.

ಪರೀಕ್ಷೆ ಮುಗಿದ ಮೇಲೆ ಪೈಥಾನ್‌ನಲ್ಲಿ ಇದನ್ನು ಮಾಡಿ ನೋಡಿ. 400 ಕಿ.ಮೀ. ಎತ್ತರದ ವೃತ್ತಾಕಾರದ ಕಕ್ಷೆ, ವೇಗ ಸೆಕೆಂಡಿಗೆ 7.67 ಕಿ.ಮೀ., ಒಂದು ಸುತ್ತಿಗೆ ಸುಮಾರು 92.5 ನಿಮಿಷ. ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕುವ ಸರಳ ಆಯ್ಲರ್ ವಿಧಾನದಲ್ಲಿ 10 ಸೆಕೆಂಡಿನ ಹೆಜ್ಜೆಯಿಟ್ಟರೆ ಕಕ್ಷೆ ಹೊರಕ್ಕೆ ಬಿಚ್ಚಿಕೊಳ್ಳುತ್ತದೆ. ಅಷ್ಟೇ ಹೆಜ್ಜೆಯಲ್ಲಿ ಅದಕ್ಕಿಂತ ನಿಖರವಾದ ನಾಲ್ಕನೇ ದರ್ಜೆಯ ರುಂಗೆ-ಕುಟ್ಟ ವಿಧಾನ ಬಳಸಿದರೆ ಸುತ್ತು ಶುರುವಾದಲ್ಲಿಗೇ ಬಂದು ಕೂಡಿಕೊಳ್ಳುತ್ತದೆ. ಆಮೇಲೆ ದೂರದ ಅಳತೆಗೆ 100 ಮೀಟರ್ ಆಸುಪಾಸಿನ ತಪ್ಪು ಬೆರೆಸಿ, ಕನಿಷ್ಠ ವರ್ಗ ವಿಧಾನದಿಂದ (ತಪ್ಪುಗಳ ವರ್ಗಗಳ ಮೊತ್ತ ಅತಿ ಕಡಿಮೆಯಾಗುವ ಉತ್ತರ ಹುಡುಕುವ ಬಗೆ) ಮೂಲ ಸ್ಥಾನ ಹುಡುಕಿ. ಗಡಿಯಾರಗಳ ಬಗ್ಗೆ ಎಚ್ಚರ: ಜಿಪಿಎಸ್ ಸಮಯ ಜಗತ್ತಿನ ಅಧಿಕೃತ ಸಮಯವಾದ ಯುಟಿಸಿಗಿಂತ 18 ಸೆಕೆಂಡ್ ಮುಂದಿದೆ. ಅದನ್ನು ಮರೆತರೆ ನಿಮ್ಮ ಉಪಗ್ರಹ 138 ಕಿ.ಮೀ. ಆಚೆ ಇರುತ್ತದೆ.

ತಿರುವನಂತಪುರದ ಬಾಹ್ಯಾಕಾಶ ಶಿಕ್ಷಣ ಸಂಸ್ಥೆ ಐಐಎಸ್‌ಟಿ ಮನಸ್ಸಿನಲ್ಲಿದ್ದರೆ ಜೆಇಇ ಅಡ್ವಾನ್ಸ್ಡ್ ಬರೆಯಲೇಬೇಕು, ಸಿಇಟಿ ರ್‍ಯಾಂಕ್ ಅಲ್ಲಿ ನಡೆಯದು. ಅದಾಗದಿದ್ದರೆ ಬಿಇ ಮೂರನೇ ವರ್ಷದಿಂದಲೇ ಎಂ.ಟೆಕ್ ಪ್ರವೇಶದ ಗೇಟ್ ಪರೀಕ್ಷೆಗೆ ಕೂತು ಓದಿ. ಬೆಂಗಳೂರಿನ ಐಐಎಸ್‌ಸಿಯ ಏರೋಸ್ಪೇಸ್ ಎಂ.ಟೆಕ್‌ಗೆ ಅದೇ ಬಾಗಿಲು. ಬೆಂಗಳೂರಿನ ದಿಗಂತರ, ಪಿಕ್ಸೆಲ್‌ನಂಥ ಬಾಹ್ಯಾಕಾಶ ಕಂಪನಿಗಳಿಗೆ ಅರ್ಜಿ ಹಾಕುವಾಗ ಮೇಲಿನ ಲೆಕ್ಕದ ಕೋಡ್ ಅನ್ನೂ ಜೊತೆಗಿಡಿ.