ಭಾವನವರಿಗೆ ಹೇಳಿ, ಇದು ಬುದ್ಧಿ ಹೇಳುವ ಕೆಲಸವಲ್ಲ

ಪತ್ರದ ಸಾರ: ‘ನಾನು ಸಾಗರದವಳು. ಮೈಸೂರಿನಲ್ಲಿ ಮನಃಶಾಸ್ತ್ರದ ಎಂ.ಎ. ಮುಗಿಸಿ ಹದಿನೆಂಟು ವರ್ಷವಾಯಿತು. ಹತ್ತು ವರ್ಷದಿಂದ ಇಂಗ್ಲೆಂಡಿನ ಡಾಂಕಾಸ್ಟರ್ ಹತ್ತಿರ ಕಾಯಂ ವಾಸ. ಶಾಲೆಯೊಂದರಲ್ಲಿ ಬೋಧನಾ ಸಹಾಯಕಿ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಸಂಬಳ ಕೊಟ್ಟೇ ಸಿಬಿಟಿ (ಯೋಚನೆ, ನಡವಳಿಕೆಗಳ ಮೇಲೆ ಕೆಲಸ ಮಾಡುವ ಮಾತಿನ ಚಿಕಿತ್ಸೆ) ಚಿಕಿತ್ಸಕರನ್ನು ತಯಾರು ಮಾಡುತ್ತದಂತೆ. 41ರ ವಯಸ್ಸಿನಲ್ಲಿ ಇದಕ್ಕೆ ಹೊರಡಬಹುದೇ? “ಬುದ್ಧಿವಾದ ಹೇಳುವುದಕ್ಕೂ ಡಿಪ್ಲೊಮಾ ಬೇಕೇ” ಎಂದು ಭಾವನವರು ನಗುತ್ತಾರೆ. ಮುಂದೆ ಊರಿಗೆ ಮರಳಿದರೆ ಈ ಕಲಿಕೆ ನಡೆಯುತ್ತದೆಯೇ? ಸಾಗರದಲ್ಲಿ ಅಮ್ಮ ಒಬ್ಬರೇ ಇದ್ದಾರೆ, ಇತ್ತೀಚೆಗೆ ತುಂಬ ಮಂಕಾಗಿದ್ದಾರೆ. ಪುಸ್ತಕ ಓದಿ ತಿಳಿದುಕೊಂಡದ್ದನ್ನು ಫೋನಿನಲ್ಲಿ ಅವರ ಮೇಲೆ ಪ್ರಯೋಗಿಸಲೇ?’

ಸಂಪಾದಕರ ಉತ್ತರ:

ನಮಸ್ಕಾರ. ನೀವು ವಿಚಾರಿಸುತ್ತಿರುವ ವ್ಯವಸ್ಥೆ ಮೊದಲು ಕಣ್ಣು ಬಿಟ್ಟದ್ದೇ ನೀವು ಈಗಿರುವ ಡಾಂಕಾಸ್ಟರ್ ಕಡೆ. ಖಿನ್ನತೆ, ಆತಂಕಗಳಿಗೆ ಮಾತಿನ ಚಿಕಿತ್ಸೆ ಕೊಟ್ಟರೆ ಜನ ಕೆಲಸಕ್ಕೆ ಮರಳುತ್ತಾರೆ, ಸರ್ಕಾರ ಹಾಕಿದ ಹಣ ಸರ್ಕಾರಕ್ಕೇ ಹಿಂದಿರುಗುತ್ತದೆ ಎಂದು ಅರ್ಥಶಾಸ್ತ್ರಜ್ಞ ರಿಚರ್ಡ್ ಲೇಯಾರ್ಡ್ ಮತ್ತು ಮನಃಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ ವಾದಿಸಿದರು. 2006ರಲ್ಲಿ ಎರಡು ಕಡೆ ಪ್ರಯೋಗ ನಡೆಯಿತು. ಒಂದು ಲಂಡನ್ನಿನ ನ್ಯೂಹ್ಯಾಮ್, ಇನ್ನೊಂದು ಡಾಂಕಾಸ್ಟರ್. 2008ರಿಂದ ಅದು ಇಂಗ್ಲೆಂಡಿಗೆಲ್ಲ ಹರಡಿತು. ಇಂದು ‘ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್’ ಎಂದು ಕರೆಯುವುದು ಅದನ್ನೇ, ಎನ್‌ಎಚ್‌ಎಸ್ ಎಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ. ಮನಸ್ಸಿನ ಸಂಕಟವನ್ನು ಬೊಕ್ಕಸದ ಲೆಕ್ಕದಲ್ಲಿ ಹೇಳಿದ್ದಕ್ಕೆ ಅವರನ್ನು ಬೈದವರಿದ್ದಾರೆ. ನನಗೇನೋ ಆ ವ್ಯವಹಾರಜ್ಞಾನ ಇಷ್ಟವಾಯಿತು. ಖಜಾನೆಯವರ ಭಾಷೆಯಲ್ಲಿ ಕೇಳದಿದ್ದರೆ ಖಜಾನೆ ತೆರೆಯುವುದಿಲ್ಲ.

ಈಗ ಭಾವನವರ ನಗುವಿನ ವಿಚಾರ. ಅವರ ಮೇಲೆ ಸಿಟ್ಟಾಗಬೇಡಿ, ನಮ್ಮಲ್ಲಿ ಹೆಚ್ಚಿನವರು ಹಾಗೆಯೇ ತಿಳಿದಿದ್ದಾರೆ. ಯಾರಾದರೂ ಅಳುತ್ತ ಕುಳಿತರೆ ‘ಧೈರ್ಯ ತಂದುಕೋ’, ‘ನಿನಗಿಂತ ಕಷ್ಟದಲ್ಲಿರುವವರನ್ನು ನೋಡು’ ಎನ್ನುವುದು ನಮ್ಮ ಬಾಯಿಗೆ ತಾನಾಗಿ ಬರುತ್ತದೆ. ತರಬೇತಿಯ ಮೊದಲ ತಿಂಗಳುಗಳು ಹೋಗುವುದೇ ಆ ಬಾಯನ್ನು ಕಟ್ಟುವುದಕ್ಕೆ.

ಒಂದು ಉದಾಹರಣೆ ನೋಡಿ. ಸಂತೆಯಲ್ಲಿ ಎದೆ ಡವಡವ ಹೊಡೆದುಕೊಂಡು, ಕಣ್ಣು ಕತ್ತಲಿಟ್ಟು, ‘ಈಗ ಬಿದ್ದೇ ಹೋಗುತ್ತೇನೆ’ ಎಂದು ಹೆದರಿ ಮನೆಗೆ ಓಡಿಬಂದ ಒಬ್ಬಾಕೆ. ಅಂದಿನಿಂದ ಹೊರಗೆ ಹೊರಟರೆ ಕೈಯಲ್ಲಿ ನೀರಿನ ಬಾಟಲಿ, ಜೊತೆಗೆ ಗಂಡ, ಹಿಡಿದುಕೊಳ್ಳಲು ಗೋಡೆ. ‘ಏನೂ ಆಗುವುದಿಲ್ಲ ಬಿಡಿ’ ಎಂದು ಆಕೆಗೆ ನೂರು ಜನ ಹೇಳಿರುತ್ತಾರೆ. ಚಿಕಿತ್ಸಕಿ ಹಾಗೆ ಹೇಳುವುದಿಲ್ಲ. ಇದುವರೆಗೆ ಎಷ್ಟು ಸಲ ಹೀಗಾಯಿತು, ಅದರಲ್ಲಿ ಎಷ್ಟು ಸಲ ನಿಜವಾಗಿಯೂ ಬಿದ್ದಿರಿ ಎಂದು ಕೇಳುತ್ತಾಳೆ. ಬಿದ್ದದ್ದೇ ಇಲ್ಲ. ಏಕೆ ಬೀಳಲಿಲ್ಲ? ಗೋಡೆ ಹಿಡಿದುಕೊಂಡಿದ್ದಕ್ಕೆ, ಎನ್ನುತ್ತಾಳೆ ಆಕೆ. ರೋಗ ಉಳಿದುಕೊಂಡಿರುವುದು ಆ ಉತ್ತರದಲ್ಲಿ. ಮುಂದಿನ ಹೆಜ್ಜೆಯಲ್ಲಿ ಚಿಕಿತ್ಸಕಿ ಮತ್ತು ಆಕೆ ಇಬ್ಬರೂ ಕೋಣೆಯ ನಡುವೆ ನಿಂತು, ಏನನ್ನೂ ಹಿಡಿದುಕೊಳ್ಳದೆ, ಬೇಕೆಂದೇ ಜೋರಾಗಿ ಉಸಿರಾಡಿ ಅದೇ ತಲೆಸುತ್ತನ್ನು ಬರಿಸಿಕೊಳ್ಳುತ್ತಾರೆ. ಸಾಮಾನ್ಯವಾಗಿ ಮನುಷ್ಯ ಮೂರ್ಛೆ ಹೋಗುವುದು ರಕ್ತದೊತ್ತಡ ಇಳಿದಾಗ. ಭಯದಲ್ಲಿ ಅದು ಏರುತ್ತದೆ. ಇದನ್ನು ಆಕೆ ಪಾಠವಾಗಿ ಕೇಳಿದರೆ ಸಾಲದು, ಮೈಯಿಂದ ತಿಳಿಯಬೇಕು. ರೋಗಿಯೊಡನೆ ಹೀಗೆ ಮಾಡುವ ಮೊದಲು ನೀವೂ ತರಗತಿಯಲ್ಲಿ ಸಹಪಾಠಿಗಳ ಎದುರು ಹಾಗೆ ಉಸಿರಾಡಿ ತಲೆ ತಿರುಗಿಸಿಕೊಂಡಿರಬೇಕಾಗುತ್ತದೆ. ಭಾವನವರು ಒಮ್ಮೆ ಮಾಡಿ ನೋಡಲಿ.

ಕನ್ನಡದವರಿಗೆ ಇಲ್ಲೊಂದು ಸಣ್ಣ ಲಾಭವಿದೆ, ಯಾರೂ ಹೇಳಿದ್ದನ್ನು ನಾನು ಕೇಳಿಲ್ಲವಾದ್ದರಿಂದ ಹೇಳುತ್ತೇನೆ. ಫಿಲಡೆಲ್ಫಿಯಾದ ಆರನ್ ಬೆಕ್ ಅವರು 1960ರ ದಶಕದಲ್ಲಿ ಗಮನಿಸಿದ್ದು ಇಷ್ಟು: ಖಿನ್ನತೆಯಲ್ಲಿರುವವರ ತಲೆಯಲ್ಲಿ ಅವರು ಕರೆಯದೆಯೇ ಚಿಕ್ಕಚಿಕ್ಕ ವಾಕ್ಯಗಳು ಬಂದು ಹೋಗುತ್ತವೆ, ಅವು ಬಂದದ್ದು ಅವರ ಗಮನಕ್ಕೂ ಬರುವುದಿಲ್ಲ, ಉಳಿಯುವುದು ದುಃಖ ಮಾತ್ರ. ನಮ್ಮ ‘ಅನ್ನಿಸುತ್ತದೆ’ ಎಂಬ ಕ್ರಿಯಾಪದವನ್ನು ಬಿಡಿಸಿ ನೋಡಿ. ‘ಅನ್ನು’ ಎಂದರೆ ಹೇಳು. ‘ಅನ್ನಿಸು’ ಎಂದರೆ ಹೇಳುವಂತೆ ಮಾಡು. ‘ನಾನು ಯಾರಿಗೂ ಬೇಡ ಅನ್ನಿಸುತ್ತದೆ’ ಎಂದು ನಾವು ಹೇಳುವಾಗ, ಒಳಗಿನಿಂದ ಯಾವುದೋ ಒಂದು ನನ್ನ ಬಾಯಲ್ಲಿ ಈ ಮಾತನ್ನು ಅನ್ನಿಸುತ್ತಿದೆ ಎಂದು ವ್ಯಾಕರಣವೇ ಒಪ್ಪಿಕೊಂಡಿರುತ್ತದೆ. ತೊಂದರೆಯೂ ಅದೇ ಪದದಲ್ಲಿದೆ. ‘ಬೇಸರ ಅನ್ನಿಸುತ್ತದೆ’ ಎನ್ನುವುದಕ್ಕೂ ‘ಅವಳಿಗೆ ನನ್ನ ಮೇಲೆ ಸಿಟ್ಟಿದೆ ಅನ್ನಿಸುತ್ತದೆ’ ಎನ್ನುವುದಕ್ಕೂ ಒಂದೇ ಪದ. ಮೊದಲನೆಯದು ಭಾವನೆ, ಅದಕ್ಕೆ ಸಾಕ್ಷಿ ಕೇಳಬಾರದು. ಎರಡನೆಯದು ಊಹೆ, ಅದಕ್ಕೆ ಕೇಳಬಹುದು. ಇವೆರಡನ್ನು ಬಿಡಿಸಿ ಇಡುವುದೇ ಈ ಚಿಕಿತ್ಸೆಯ ಮೊದಲ ಕೆಲಸ.

ವಯಸ್ಸಿನ ಪ್ರಶ್ನೆಗೆ ಒಂದೇ ಸಾಲು: ಹೊರಡಿ. ಶಾಲೆಯ ಮಕ್ಕಳೊಂದಿಗೆ ದಿನ ಕಳೆದವರಿಗೆ ತಾಳ್ಮೆಯನ್ನು ಪ್ರತ್ಯೇಕವಾಗಿ ಕಲಿಸಬೇಕಾಗಿಲ್ಲ.

ದಾರಿಯ ಪ್ರಶ್ನೆ ಅಷ್ಟು ಸರಳವಲ್ಲ. ನೀವು ನೇರವಾಗಿ ಸಿಬಿಟಿ ಚಿಕಿತ್ಸಕಿಯ ತರಬೇತಿಗೆ ಅರ್ಜಿ ಹಾಕಿದರೆ ಬಹುಶಃ ಬಾಗಿಲಲ್ಲೇ ನಿಲ್ಲುತ್ತೀರಿ. ಆ ಮೇಲ್ಹಂತಕ್ಕೆ ಮನೋರೋಗ ಶುಶ್ರೂಷೆ, ಸಮಾಜಕಾರ್ಯದಂತಹ ವೃತ್ತಿಯ ಹಿನ್ನೆಲೆ ಕೇಳುತ್ತಾರೆ. ಅದಿಲ್ಲದವರು ತಮ್ಮ ಜ್ಞಾನ, ಕೌಶಲ, ಅನುಭವಗಳಿಗೆ ದಾಖಲೆ ಜೋಡಿಸಿ ಕಡತ ಕೊಡಬೇಕು. ನಿಮ್ಮಂಥವರು ಕೆಳಗಿನ ಮೆಟ್ಟಿಲಿನಿಂದ ಹತ್ತುವುದು ವಾಡಿಕೆ. ಅದರ ಹೆಸರು ಸೈಕಲಾಜಿಕಲ್ ವೆಲ್‌ಬೀಯಿಂಗ್ ಪ್ರಾಕ್ಟೀಷನರ್, ಆಡುಮಾತಿನಲ್ಲಿ ಪಿಡಬ್ಲ್ಯುಪಿ. ಒಂದು ವರ್ಷದ ಕಲಿಕೆ, ಸರ್ಕಾರಿ ಆರೋಗ್ಯ ಸೇವೆಯ ವೇತನಶ್ರೇಣಿಯಲ್ಲಿ ಬ್ಯಾಂಡ್ 4ರ ಸಂಬಳ, ಮುಗಿಸಿದರೆ ಬ್ಯಾಂಡ್ 5. ಇಲ್ಲಿ ರೋಗಿಯೊಡನೆ ಅರ್ಧ ಗಂಟೆಯ ಮಾತು, ಅನೇಕ ಸಲ ಫೋನಿನಲ್ಲೇ. ಕೆಲವೇ ಭೇಟಿಗಳಲ್ಲಿ ಸ್ವಸಹಾಯದ ಪಾಠಗಳನ್ನು ಕೈಹಿಡಿದು ಮಾಡಿಸಬೇಕು. ಏಕಕಾಲಕ್ಕೆ ಕೈಯಲ್ಲಿರುವ ರೋಗಿಗಳ ಪಟ್ಟಿ ಮಾತ್ರ ಉದ್ದ. ಈ ಮೆಟ್ಟಿಲಿನಲ್ಲೇ ದಣಿದು ಬಿಟ್ಟು ಹೋಗುವವರಿದ್ದಾರೆ, ಇದನ್ನು ಜಾಹೀರಾತಿನಲ್ಲಿ ಬರೆದಿರುವುದಿಲ್ಲ. ಸರ್ಕಾರಿ ಹಣದಲ್ಲಿ ಒಂದು ತರಬೇತಿ ಮುಗಿಸಿದವರಿಗೆ ಮುಂದಿನದಕ್ಕೆ ಎರಡು ವರ್ಷ ಹಣ ಸಿಗುವುದಿಲ್ಲ ಎಂಬ ನಿಯಮವೂ ಇದೆ. ಅಂದರೆ ಪೂರ್ಣ ಚಿಕಿತ್ಸಕಿಯಾಗುವ ಹೊತ್ತಿಗೆ ನಿಮಗೆ 45 ದಾಟಿರುತ್ತದೆ. ಈ ಲೆಕ್ಕವನ್ನು ಮನೆಯವರ ಮುಂದೆ ಇಟ್ಟು ಮಾತಾಡಿ.

ಮೈಸೂರಿನ ಪದವಿಗೆ ಅಲ್ಲಿ ಎಷ್ಟು ಬೆಲೆ ಎಂಬುದನ್ನು ಯುಕೆ ಎನಿಕ್ ಸಂಸ್ಥೆ ಲಿಖಿತವಾಗಿ ಕೊಡುತ್ತದೆ, ಈಗಲೇ ತರಿಸಿಕೊಳ್ಳಿ.

ಮೇಲ್ಹಂತದ ಆ ಒಂದು ವರ್ಷ ಹೇಗಿರುತ್ತದೆ? ಸಾಮಾನ್ಯವಾಗಿ ವಾರಕ್ಕೆ ಎರಡು ದಿನ ವಿಶ್ವವಿದ್ಯಾಲಯ, ಮೂರು ದಿನ ಚಿಕಿತ್ಸಾಲಯ. ಸಂಬಳ ಬ್ಯಾಂಡ್ 6, ತೇರ್ಗಡೆಯಾದರೆ 7. ಬಿಎಬಿಸಿಪಿ ಎಂಬ ವೃತ್ತಿಸಂಘದ ಮಾನ್ಯತೆಗೆ ಕನಿಷ್ಠ 200 ಗಂಟೆ ರೋಗಿಗಳೊಡನೆ ಕುಳಿತಿರಬೇಕು, ಎಂಟು ಜನರ ಚಿಕಿತ್ಸೆಯನ್ನು ಮೇಲ್ವಿಚಾರಕರ ಕಣ್ಗಾವಲಿನಲ್ಲಿ ನಡೆಸಿರಬೇಕು. ಆ ದೇಶದಲ್ಲಿ ‘ಸಿಬಿಟಿ ಚಿಕಿತ್ಸಕ’ ಎಂಬ ಫಲಕವನ್ನು ಯಾರು ತೂಗುಹಾಕಿಕೊಂಡರೂ ಕಾನೂನು ತಡೆಯುವುದಿಲ್ಲ. ಹಾಗಾಗಿ ಕೆಲಸ ಕೊಡುವವರು ನೋಡುವುದು ಈ ಮಾನ್ಯತೆಯನ್ನೇ.

ಅತ್ಯಂತ ಕಷ್ಟದ್ದು ಧ್ವನಿಮುದ್ರಣ. ರೋಗಿಯ ಒಪ್ಪಿಗೆ ಪಡೆದು ಇಡೀ ಭೇಟಿಯನ್ನು ರೆಕಾರ್ಡ್ ಮಾಡಿ ಶಿಕ್ಷಕರಿಗೆ ಒಪ್ಪಿಸಬೇಕು. ಅವರು ಹನ್ನೆರಡು ಅಂಶಗಳಿಗೆ ತಲಾ ಆರರಂತೆ, 72ಕ್ಕೆ ಅಂಕ ಹಾಕುತ್ತಾರೆ. ಸಾಮಾನ್ಯವಾಗಿ 36 ಬಂದರೆ ಪಾಸು. ಕಾರ್ಯಸೂಚಿ ಇಟ್ಟಿರಾ, ಮನೆಯಲ್ಲಿ ಮಾಡಲು ಕೊಟ್ಟಿದ್ದ ಅಭ್ಯಾಸದ ಬಗ್ಗೆ ಕೇಳಿದಿರಾ, ಉತ್ತರವನ್ನು ನೀವೇ ಹೇಳಿಬಿಟ್ಟಿರಾ, ರೋಗಿಯಿಂದ ಹೊರಡಿಸಿದಿರಾ ಎಂದು ನಿಮಿಷ ನಿಮಿಷಕ್ಕೂ ಟಿಪ್ಪಣಿ. ಪತ್ರಿಕೆಗೆ ಸೇರಿದ ಹೊಸದರಲ್ಲಿ ನನ್ನ ಮೊದಲ ವರದಿ ಕೆಂಪು ಶಾಯಿಯಲ್ಲಿ ಮುಳುಗಿ ಮೇಜಿಗೆ ಮರಳಿದಾಗ ಎರಡು ದಿನ ಊಟ ರುಚಿಸಿರಲಿಲ್ಲ. ಅದು ಕಾಗದ. ಇದು ನಿಮ್ಮದೇ ದನಿ, ಇನ್ನೊಬ್ಬರ ಕಣ್ಣೀರಿನ ಎದುರು ನೀವು ತಡವರಿಸಿದ ದನಿ.

ಇನ್ನು ಅಂಕಿಗಳ ಕಾಟ. ರೋಗಿ ಪ್ರತಿ ಭೇಟಿಗೂ ಖಿನ್ನತೆಯ ಒಂಬತ್ತು ಪ್ರಶ್ನೆ, ಆತಂಕದ ಏಳು ಪ್ರಶ್ನೆ ತುಂಬಬೇಕು. ಅಂಕ ಹೆಚ್ಚಿದಷ್ಟೂ ಸಂಕಟ ಹೆಚ್ಚು. ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 8 ಗೆರೆ. ಎರಡರಲ್ಲೂ ಗೆರೆಯ ಕೆಳಗೆ ಇಳಿದರಷ್ಟೇ ‘ಚೇತರಿಕೆ’. ಚಿಕಿತ್ಸೆ ಮುಗಿಸುವವರಲ್ಲಿ ಅರ್ಧದಷ್ಟು ಜನ ಹಾಗೆ ಇಳಿಯಬೇಕೆಂಬುದು ಸೇವೆಯ ಗುರಿ. ಖಿನ್ನತೆಯ ಅಂಕದಲ್ಲಿ 24ರಿಂದ 11ಕ್ಕೆ ಬಂದು ಮತ್ತೆ ಅಡುಗೆಮನೆಗೆ ಕಾಲಿಟ್ಟ ಮನುಷ್ಯ ಆ ಲೆಕ್ಕದಲ್ಲಿ ಚೇತರಿಸಿಕೊಂಡವನಲ್ಲ. ‘ಸುಧಾರಣೆ’ ಎಂಬ ಬೇರೆ ಖಾನೆಗೆ ಹೋಗುತ್ತಾನೆ. ನಾನು ಅಂಕಿಗಳ ವಿರೋಧಿಯಲ್ಲ. ನಮ್ಮಲ್ಲಿ ಯಾರು ಗುಣವಾದರು, ಯಾರು ಆಗಲಿಲ್ಲ ಎಂದು ಕೇಳುವವರೇ ಇಲ್ಲದಿರುವಾಗ ಅಲ್ಲಿ ಪ್ರತಿ ವಾರ ಕೇಳುತ್ತಾರೆ. ಆದರೆ ಶುಕ್ರವಾರ ಸಂಜೆ ಆ ಪಟ್ಟಿಯನ್ನು ನೋಡುತ್ತ ಕುಳಿತಾಗ ನಿಮಗೆ ನೆನಪಾಗಬೇಕಾದದ್ದು ಅಡುಗೆಮನೆ.

ಊರಿಗೆ ಮರಳುವ ವಿಚಾರದಲ್ಲಿ ನಿಮ್ಮನ್ನು ಸಂತೋಷಪಡಿಸಲಾರೆ. ಭಾರತದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಬ್ರಿಟನ್ನಿನ ಸಿಬಿಟಿ ಡಿಪ್ಲೊಮಾ ಅದಕ್ಕೆ ಬದಲಿಯಲ್ಲ. ನಿಮಗೆ ಡಾಂಕಾಸ್ಟರ್ ಇರುವಂತೆ ನಮಗೆ ಬಳ್ಳಾರಿ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮಾನಸಿಕ ರೋಗಗಳ ಚಿಕಿತ್ಸೆ ಕಲಿಸಿತು, ಆ ಮಾದರಿಯಿಂದಲೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಿತು. ಬಳ್ಳಾರಿಯ ದಾರಿ ಮುಖ್ಯವಾಗಿ ಮಾತ್ರೆಯ ದಾರಿ. ಗಂಟೆಗಟ್ಟಲೆ ಕುಳಿತು ಮಾತಾಡುವವರನ್ನು ಸಂಬಳ ಕೊಟ್ಟು ತಯಾರು ಮಾಡುವ ವ್ಯವಸ್ಥೆ ಆ ಪ್ರಮಾಣದಲ್ಲಿ ಇಲ್ಲಿಗೆ ಇನ್ನೂ ಬಂದಿಲ್ಲ. ಆದ್ದರಿಂದ ಇಂಗ್ಲೆಂಡಿನಲ್ಲೇ ಕೆಲಸ ಮಾಡುವುದಾದರೆ ಕಲಿಯಿರಿ.

ಕೊನೆಗೆ ಅಮ್ಮ. ಬೇಡ, ಪ್ರಯೋಗಿಸಬೇಡಿ. ಕಲಿತು ಮುಗಿಸಿದ ಮೇಲೂ ಬೇಡ. ಮನೆಯವರನ್ನು ರೋಗಿಯನ್ನಾಗಿ ಮಾಡಿಕೊಳ್ಳಬಾರದು. ಒಂಬತ್ತು ಪ್ರಶ್ನೆ ಕೇಳುವ ಮಗಳಿಗಿಂತ ಇವತ್ತು ಏನು ಸಾರು ಮಾಡಿದೆ ಎಂದು ಕೇಳುವ ಮಗಳು ಅವರಿಗೆ ಬೇಕು. ಚಿಕಿತ್ಸೆಯ ಮಾತಿಗೆ ಟೆಲಿ ಮಾನಸ್ ಇದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ, ಶುಲ್ಕವಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಸಂಖ್ಯೆ 14416. ಅಮ್ಮನ ಫೋನಿನಿಂದಲೇ ಹಚ್ಚಬೇಕು. ಪಕ್ಕದ ಮನೆಯವರಿಗೆ ಹೇಳಿ ಮೊದಲ ಸಲ ಹಚ್ಚಿಸಿಕೊಡಿ.