ಗದೆ ಬಂತು, ಎದ್ದು ನಿಂತೆವು, ಗ್ರಂಥಾಲಯ ಹೋಯಿತು

(ಓದುಗರ ಪತ್ರಕ್ಕೆ ಸಂಪಾದಕರ ಉತ್ತರ)

ಪತ್ರದ ಸಾರ: ಲಂಡನ್ನಿನ ಒಂದು ಬರೋದಲ್ಲಿ ಏಳು ವರ್ಷದಿಂದ ಇರುವ ಓದುಗರೊಬ್ಬರು ಬರೆದಿದ್ದಾರೆ. ಅವರ ಮನೆ ಹತ್ತಿರದ ಗ್ರಂಥಾಲಯದ ಶಾಖೆಯನ್ನು ಮುಚ್ಚಲು ಕೌನ್ಸಿಲ್ ಹೊರಟಿದೆ. ಬೀದಿಯವರೆಲ್ಲ ಸಹಿ ಹಾಕಿದ ಮನವಿ ಹಿಡಿದು, ದಾವಣಗೆರೆಯಿಂದ ಬಂದಿದ್ದ ಅತ್ತೆಯನ್ನೂ ಕರೆದುಕೊಂಡು, ಸಂಜೆ ಏಳಕ್ಕೆ ಟೌನ್ ಹಾಲ್‌ಗೆ ಹೋದರು. ಒಬ್ಬರು ಗದೆ ಹೊತ್ತು ತಂದರು, ಹಿಂದೆ ಸರಪಳಿ ಹಾಕಿಕೊಂಡ ಮೇಯರ್ ಬಂದರು, ಎಲ್ಲರೂ ಎದ್ದು ನಿಂತರು. ಮನವಿಯನ್ನು ‘ಸ್ವೀಕರಿಸಲಾಗಿದೆ’ ಅಂದರು, ಅಷ್ಟೇ. ಬೇರೆ ಯಾವುದೋ ನಿರ್ಣಯದ ಮೇಲೆ ಮುಕ್ಕಾಲು ಗಂಟೆ ಪಕ್ಷಗಳ ಕಿತ್ತಾಟ. ಗ್ರಂಥಾಲಯದ ಪ್ರಶ್ನೆಗೆ ಸಂಬಂಧಪಟ್ಟ ಸದಸ್ಯರು ಬರೆದು ತಂದಿದ್ದ ಉತ್ತರ ಓದಿ ಕೂತರು. ರಾತ್ರಿ ಹತ್ತಾದ ಕೂಡಲೇ ಉಳಿದ ವಿಷಯಗಳನ್ನೆಲ್ಲ ಚರ್ಚೆಯಿಲ್ಲದೆ ಮತಕ್ಕೆ ಹಾಕಿ ಮುಗಿಸಿದರು. ‘ಇದೆಲ್ಲ ನಾಟಕವಲ್ಲವೇ? ಇದಕ್ಕಿಂತ ನಮ್ಮೂರ ಪುರಸಭೆಯೇ ಮೇಲು, ಅಲ್ಲಿ ಜಗಳವಾದರೂ ಆಗುತ್ತೆ. ಅಷ್ಟಕ್ಕೂ ಇಂಡಿಯನ್ ಪಾಸ್‌ಪೋರ್ಟ್‌ನವಳಾದ ನನ್ನ ಮಾತು ಯಾರಿಗೆ ಬೇಕು?’ ಎಂದು ಕೇಳಿದ್ದಾರೆ.

ನಮಸ್ಕಾರ.

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ನಿಮ್ಮ ಬರೋದ ಹೆಸರನ್ನೂ ಬಿಟ್ಟಿದ್ದೇನೆ. ಆ ಪದದಿಂದ ನಮ್ಮ ಕಚೇರಿಯಲ್ಲಿ ಸಣ್ಣ ಗೊಂದಲ ಆಯಿತು. ಕರಡು ತಿದ್ದುವ ನಮ್ಮ ಹಿರಿಯರು ‘ಬರೋ ಕೌನ್ಸಿಲ್’ ಅಂತ ಓದಿ, ‘ಎಲ್ಲಿಂದ ಬರೋ ಕೌನ್ಸಿಲ್ ಸಾರ್?’ ಅಂತ ಕೇಳಿದರು. ಹಾಗಾಗಿ ಉಳಿದ ಓದುಗರಿಗೂ ಒಂದು ಮಾತು. ಬರೋ ಅಂದರೆ ಲಂಡನ್ನಿನ ಒಂದೊಂದು ಭಾಗದ ನಗರಾಡಳಿತ. ಅಂಥವು ಒಟ್ಟು 32 ಇವೆ. 1965ರ ಏಪ್ರಿಲ್ 1ರಿಂದ ನಡೆಯುತ್ತಿವೆ. ಕಸ, ಬೀದಿ, ಪಾರ್ಕಿಂಗ್, ಗ್ರಂಥಾಲಯ, ಮನೆ ಕಟ್ಟುವ ಅನುಮತಿ, ವಯಸ್ಸಾದವರ ಆರೈಕೆ, ಎಲ್ಲ ಇವರ ತಲೆ ಮೇಲೆ.

ಈಗ ನಿಮ್ಮ ಪ್ರಶ್ನೆ. ನಾಟಕವಾ? ಹೌದು, ನೀವು ನೋಡಿದ್ದು ಬಹುಪಾಲು ನಾಟಕವೇ. ಅದನ್ನು ಮುಚ್ಚಿಟ್ಟು ಪ್ರಜಾಪ್ರಭುತ್ವದ ಪಾಠ ಹೇಳುವುದಕ್ಕೆ ನನಗೆ ಇಷ್ಟವಿಲ್ಲ. ಆದರೆ ನೀವು ಹೋಗಿದ್ದು ಪೂರ್ಣ ಕೌನ್ಸಿಲ್ ಸಭೆಗೆ. ಗ್ರಂಥಾಲಯದ ತೀರ್ಮಾನ ಆಗುವುದು ಅಲ್ಲಲ್ಲ.

2000ದ ಸ್ಥಳೀಯ ಸರ್ಕಾರ ಕಾಯ್ದೆ ಬರುವ ತನಕ ಕೆಲಸವೆಲ್ಲ ಸಮಿತಿಗಳಲ್ಲಿ ನಡೆಯುತ್ತಿತ್ತು. ಆಮೇಲೆ ಹೆಚ್ಚಿನ ಕೌನ್ಸಿಲ್‌ಗಳಲ್ಲಿ ಕ್ಯಾಬಿನೆಟ್ ಪದ್ಧತಿ ಬಂತು. ಒಬ್ಬ ಲೀಡರ್, ಜತೆಗೆ ಹೆಚ್ಚೆಂದರೆ ಒಂಬತ್ತು ಜನ. ದಿನನಿತ್ಯದ ದೊಡ್ಡ ತೀರ್ಮಾನಗಳು ಅವರ ಕೈಯಲ್ಲಿ. ಪೂರ್ಣ ಸಭೆಗೆ ಉಳಿದದ್ದು ಬಜೆಟ್, ಕೌನ್ಸಿಲ್ ತೆರಿಗೆ, ಕೆಲವು ನೀತಿಗಳು, ಮತ್ತೆ ಭಾಷಣ. ಸರಪಳಿ ಹಾಕಿದ ಆ ಮೇಯರ್ ಇದ್ದಾರಲ್ಲ, ಅವರು ಸಭೆ ನಡೆಸುತ್ತಾರೆ, ಮತ ಸಮಸಮ ಬಂದರೆ ತಮ್ಮದೊಂದು ಹಾಕುತ್ತಾರೆ, ಶಾಲೆ ವಾರ್ಷಿಕೋತ್ಸವಕ್ಕೆ ಹೋಗುತ್ತಾರೆ. ಅಧಿಕಾರ ಲೀಡರದ್ದು. ಹ್ಯಾಕ್ನಿ, ನ್ಯೂಹ್ಯಾಮ್, ಲೂಯಿಶಮ್, ಟವರ್ ಹ್ಯಾಮ್ಲೆಟ್ಸ್‌, ಕ್ರಾಯ್ಡನ್‌ಗಳಲ್ಲಿ ಜನರೇ ಮೇಯರ್ ಆರಿಸುತ್ತಾರೆ, ಅಲ್ಲಿ ಮಾತ್ರ ಲೆಕ್ಕ ಬೇರೆ.

ನಿಮ್ಮ ಗ್ರಂಥಾಲಯದ ವಿಷಯ ಕ್ಯಾಬಿನೆಟ್ ಮುಂದೆ ಬರಲಿದೆ ಅಂತ 28 ದಿನ ಮೊದಲೇ ಪ್ರಕಟವಾಗಿರಬೇಕು. ಅದು ಕಾನೂನು. ಅಜೆಂಡಾ ಮತ್ತು ವರದಿಗಳು ಸಭೆಗೆ ಐದು ಪೂರ್ಣ ದಿನ ಮುಂಚೆ ಹೊರಬರಬೇಕು. ಪೂರ್ಣ ದಿನ ಅಂದರೆ ಪ್ರಕಟಿಸಿದ ದಿನ, ಸಭೆಯ ದಿನ ಎರಡೂ ಬಿಟ್ಟು. ಶನಿವಾರ ಭಾನುವಾರವೂ ಲೆಕ್ಕಕ್ಕಿಲ್ಲ. ಬುಧವಾರ ಸಂಜೆ ಸಭೆ ಅಂದರೆ ಹಿಂದಿನ ವಾರದ ಮಂಗಳವಾರವೇ ಕಾಗದ ನಿಮ್ಮ ಕೈಗೆ ಸಿಗುತ್ತದೆ. ಆ ಕಾಗದದಲ್ಲೇ ಎಲ್ಲ ಇರುವುದು. ಸಭೆಯಲ್ಲಿ ಅಧಿಕಾರಿಗಳು ‘ವರದಿಯಲ್ಲಿ ಇರುವಂತೆ’ ಅಂದುಬಿಡುತ್ತಾರೆ, ಓದದವನಿಗೆ ಏನಾಯಿತು ಅಂತಲೇ ತಿಳಿಯುವುದಿಲ್ಲ. ನಿಮಗೆ ಆಗಿದ್ದೂ ಅದೇ ಅಲ್ವಾ?

ನಮ್ಮೂರ ಪುರಸಭೆ ಮೇಲು ಅಂದಿರಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಎರಡು ವರ್ಷ ಒಂದು ಪುರಸಭೆಯ ಸಾಮಾನ್ಯ ಸಭೆಗಳಿಗೆ ವರದಿಗಾರನಾಗಿ ಹೋಗುತ್ತಿದ್ದೆ. ಊರಿನ ಹೆಸರು ಬೇಡ. ಜಗಳಕ್ಕೇನೂ ಕಡಿಮೆ ಇರಲಿಲ್ಲ. ಒಬ್ಬ ಸದಸ್ಯರು ಖಾಲಿ ಕೊಡ ತಂದು ಅಧ್ಯಕ್ಷರ ಮೇಜಿನ ಮೇಲೆ ಬೋರಲು ಹಾಕಿದ್ದರು. ನಾವು ಪತ್ರಕರ್ತರು ಬೋಂಡ ತಿನ್ನುತ್ತಾ ಖುಷಿಯಾಗಿ ಬರೆದುಕೊಂಡೆವು. ಆದರೆ ಅಜೆಂಡಾದ ಕೊನೆಯ ಸಾಲು ನೋಡಿ: ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು’. ಊರಿನ ಅರ್ಧ ವ್ಯವಹಾರ ಆ ಒಂದು ಸಾಲಿನಲ್ಲಿ ನಡೆಯುತ್ತಿತ್ತು. ಅಂಗಡಿ ಮಳಿಗೆ ಯಾರಿಗೆ, ಟೆಂಡರ್ ಯಾರಿಗೆ, ಎಲ್ಲ. ಸದಸ್ಯರು ಜಗಳ ಮುಗಿಸಿ ಊಟಕ್ಕೆ ಏಳುವ ಹೊತ್ತಿಗೆ ಅದು ‘ಸರ್ವಾನುಮತದಿಂದ’ ಪಾಸಾಗಿರುತ್ತಿತ್ತು. ಒಮ್ಮೆ ನಡಾವಳಿ ಪುಸ್ತಕ ಕೇಳಿ ನೋಡಿದೆ. ನಡುವೆ ಒಂದು ಪುಟ ಖಾಲಿ ಬಿಟ್ಟಿದ್ದರು. ಯಾಕೆ ಅಂತ ಕೇಳಿದ್ದಕ್ಕೆ ಗುಮಾಸ್ತರು ನಕ್ಕು, ‘ಜಾಗ ಇರಲಿ ಅಂತ’ ಅಂದರು.

ಅದಕ್ಕೇ ನನಗೆ ಬೇಜಾರಿನ ಸಭೆ ಅಂದರೆ ಸ್ವಲ್ಪ ಗೌರವ. ಹಾಗಂತ ಅಲ್ಲಿಯವರು ಹುಟ್ಟಾ ಸಾಧುಗಳು ಅಂತ ಅಲ್ಲ. ಹಿಂದೆ ಇಂಗ್ಲೆಂಡಿನ ಕೆಲವು ಕೌನ್ಸಿಲ್‌ಗಳೂ ಪತ್ರಕರ್ತರನ್ನು ಹೊರಗಿಡಲು ಒಂದು ಉಪಾಯ ಮಾಡುತ್ತಿದ್ದವು. ಕೌನ್ಸಿಲ್ ಸಭೆಗೆ ಪತ್ರಿಕೆಯವರನ್ನು ಬಿಡಬೇಕು ಅಂತ 1908ರ ಕಾಯ್ದೆ ಹೇಳುತ್ತಿತ್ತು. ಇವರು ಅದೇ ಕುರ್ಚಿಯಲ್ಲಿ ಅದೇ ಜನ ಕೂತು, ‘ಈಗ ನಾವು ಕೌನ್ಸಿಲ್ ಅಲ್ಲ, ಸಮಿತಿ’ ಅಂದುಬಿಡುತ್ತಿದ್ದರು! ಇದನ್ನು ತಡೆಯಲು ಮಸೂದೆ ತಂದವರು ಯಾರು ಗೊತ್ತಾ? ಆಗಷ್ಟೇ ಫಿಂಚ್ಲಿ ಕ್ಷೇತ್ರದಿಂದ ಗೆದ್ದು ಬಂದಿದ್ದ, ಮುಂದೆ ಪ್ರಧಾನಿಯಾದ ಮಾರ್ಗರೆಟ್ ಥ್ಯಾಚರ್. 1960ರ ಫೆಬ್ರವರಿ 5ರಂದು ಪಾರ್ಲಿಮೆಂಟಿನಲ್ಲಿ ಅವರ ಮೊದಲ ಭಾಷಣವೇ ಈ ಮಸೂದೆ ಮೇಲೆ. ಆಮೇಲಿನ ಅವರ ರಾಜಕೀಯ ನನಗೆ ಹಿಡಿಸುವುದಿಲ್ಲ, ಆದರೆ ಆ ಒಂದು ಕಾಯ್ದೆಗೆ ನಮ್ಮ ಕಸುಬಿನವರು ಋಣಿಗಳು. ಸಮಿತಿಗಳ ಬಾಗಿಲು ಪೂರ್ತಿ ತೆರೆದದ್ದು 1985ರ ಇನ್ನೊಂದು ಕಾಯ್ದೆಯಿಂದ. 2014ರಿಂದ ನೀವು ಗ್ಯಾಲರಿಯಲ್ಲಿ ಕೂತು ಮೊಬೈಲ್‌ನಲ್ಲಿ ವಿಡಿಯೊ ಕೂಡ ತೆಗೆಯಬಹುದು.

ಜಗಳವೇ ಬೇಕು ಅಂದರೆ ಅದೂ ಇದೆ ಬಿಡಿ. ಚೆಷರ್‌ನ ಹ್ಯಾಂಡ್‌ಫರ್ತ್ ಅನ್ನುವ ಊರಿನ ಪ್ಯಾರಿಷ್ ಕೌನ್ಸಿಲ್, ನಮ್ಮ ಲೆಕ್ಕದಲ್ಲಿ ಗ್ರಾಮ ಪಂಚಾಯಿತಿ ಅನ್ನಿ, 2020ರ ಡಿಸೆಂಬರ್‌ನಲ್ಲಿ ಜೂಮ್‌ನಲ್ಲಿ ಸೇರಿತ್ತು. ಅಧ್ಯಕ್ಷರನ್ನೇ ಸಭೆಯಿಂದ ಹೊರಹಾಕಲಾಯಿತು. ‘ನಿಯಮಾವಳಿ ಓದಿ, ಓದಿ ಅರ್ಥ ಮಾಡಿಕೊಳ್ಳಿ’ ಅಂತ ಒಬ್ಬರು ಕಿರುಚಿದ್ದನ್ನು ಎರಡು ತಿಂಗಳಾದ ಮೇಲೆ ಜಗತ್ತೇ ನೋಡಿ ನಕ್ಕಿತು.

ಗ್ರಂಥಾಲಯಕ್ಕೆ ಬರೋಣ. ಎರಡು ಪ್ರಕರಣ ಹೇಳುತ್ತೇನೆ, ಎರಡೂ 2011ರವು. ಲಂಡನ್ನಿನ ಬ್ರೆಂಟ್ ಬರೋ ತನ್ನ 12 ಗ್ರಂಥಾಲಯಗಳಲ್ಲಿ 6 ಮುಚ್ಚಲು ತೀರ್ಮಾನಿಸಿತು. ಅದರಲ್ಲಿ ಕೆನ್ಸಲ್ ರೈಸ್ ಶಾಖೆ 1900ರಲ್ಲಿ ಮಾರ್ಕ್ ಟ್ವೈನ್ ಕೈಯಿಂದ ಉದ್ಘಾಟನೆಯಾದದ್ದು. ಜನ ಬಾಗಿಲಲ್ಲೇ ಕಾವಲು ಕೂತರು, ಕೋರ್ಟಿಗೆ ಹೋದರು. ಹೈಕೋರ್ಟಿನಲ್ಲೂ ಸೋತರು, ಮೇಲ್ಮನವಿಯಲ್ಲೂ ಸೋತರು. ಕೌನ್ಸಿಲ್ ಜನರನ್ನು ಕೇಳಿದೆ, ವರದಿ ನೋಡಿದೆ, ಮಾಡಬೇಕಾದ್ದನ್ನು ಕಾಗದದ ಮೇಲೆ ಮಾಡಿದೆ ಅಂತ ನ್ಯಾಯಾಲಯಕ್ಕೆ ಕಂಡಿತು. ಅದೇ ವರ್ಷ ನವೆಂಬರ್‌ನಲ್ಲಿ ಗ್ಲಾಸ್ಟರ್‌ಶರ್ ಮತ್ತು ಸಾಮರ್‌ಸೆಟ್ ಕೌಂಟಿಗಳ ಜನ ಗೆದ್ದರು. ಗ್ರಂಥಾಲಯ ಕಡಿತದಿಂದ ವೃದ್ಧರು, ಅಂಗವಿಕಲರು, ಹೆಂಗಸರಿಗೆ ಏನು ತೊಂದರೆ ಆಗುತ್ತದೆ ಅಂತ ಆ ಕೌನ್ಸಿಲ್‌ಗಳು ಸರಿಯಾಗಿ ಯೋಚಿಸಿರಲಿಲ್ಲ. ತೀರ್ಮಾನವೇ ರದ್ದಾಯಿತು.

ನೋಡಿ, ಬ್ರೆಂಟ್‌ನವರ ಕೂಗು ಸಣ್ಣದೇನಲ್ಲ. ವ್ಯತ್ಯಾಸ ಇದ್ದದ್ದು ಕಡತದಲ್ಲಿ. ಹಾಗಾಗಿ ನಿಮ್ಮ ಗ್ರಂಥಾಲಯದ ವರದಿ ತೆಗೆದು, ಕೊನೆಯಲ್ಲಿ ಸೇರಿಸಿರುವ ಸಮಾನತೆಯ ಪರಿಣಾಮದ ಪುಟಗಳನ್ನು ಮೊದಲು ಓದಿ. ಸಾಮಾನ್ಯವಾಗಿ ಯಾರೂ ಓದದ ಭಾಗ ಅದು. ‘ಇನ್ನೊಂದು ಶಾಖೆ ಹತ್ತಿರದಲ್ಲೇ ಇದೆ’ ಅಂತ ಬರೆದಿದ್ದರೆ, ನಿಮ್ಮ ಅತ್ತೆಯಂಥವರು ಕೋಲು ಊರಿಕೊಂಡು ಅಲ್ಲಿಗೆ ಹೋಗಲು ಎಷ್ಟು ಹೊತ್ತು, ಎಷ್ಟು ಬಸ್ಸು ಅಂತ ನೀವೇ ನಡೆದು ನೋಡಿ ಬರೆಯಿರಿ. ಅಲ್ಲಿ ಗ್ರಂಥಾಲಯ ಸುಮ್ನೆ ದಾನದ ಕೆಲಸವೂ ಅಲ್ಲ. ಸಮರ್ಪಕ ಸೇವೆ ಕೊಡಲೇಬೇಕು ಅಂತ 1964ರ ಕಾಯ್ದೆ ಇದೆ. ಕ್ಯಾಬಿನೆಟ್ ಒಪ್ಪಿದ್ದರೂ ಆಟ ಮುಗಿದಿಲ್ಲ. ಪರಿಶೀಲನಾ ಸಮಿತಿ, ಅಲ್ಲಿ ಸ್ಕ್ರೂಟಿನಿ ಅನ್ನುತ್ತಾರೆ, ತೀರ್ಮಾನವನ್ನು ವಾಪಸ್ ಕರೆಸಿಕೊಂಡು ಮತ್ತೆ ನೋಡಬಹುದು. ಅದಕ್ಕೆ ಕೆಲವೇ ದಿನದ ಗಡುವು ಇರುತ್ತದೆ, ನಿಮ್ಮ ವಾರ್ಡಿನ ಕೌನ್ಸಿಲರ್‌ಗೆ ಇವತ್ತೇ ಫೋನ್ ಮಾಡಿ.

ಕೌನ್ಸಿಲರ್‌ಗಳ ಪರವಾಗಿಯೂ ಒಂದು ಮಾತು. ದುಡ್ಡು ನಿಜವಾಗಲೂ ಇಲ್ಲ. ಬಜೆಟ್ ಸರಿದೂಗಿಸದೆ ಬಿಡುವಂತಿಲ್ಲ, ಅದು ಕಾನೂನು. ಕೈಚೆಲ್ಲಿದರೆ ಹಣಕಾಸು ಅಧಿಕಾರಿ 114ನೇ ಸೆಕ್ಷನ್ ನೋಟಿಸ್ ಕೊಡುತ್ತಾರೆ, ಅಂದರೆ ದುಡ್ಡು ಸಾಲದು, ಹೊಸ ಖರ್ಚು ನಿಲ್ಲಿಸಿ ಅಂತ. 2020ರಲ್ಲಿ ಕ್ರಾಯ್ಡನ್, 2021ರಲ್ಲಿ ಸ್ಲೌ, 2023ರಲ್ಲಿ ಬರ್ಮಿಂಗ್‌ಹ್ಯಾಮ್ ಹಾಗೆ ಕೂತವು. ಇನ್ನು ತೆರಿಗೆ? ಮನೆಯ ಬೆಲೆ 1991ರ ಏಪ್ರಿಲ್‌ನಲ್ಲಿ ಎಷ್ಟಿತ್ತು ಅನ್ನುವುದರ ಮೇಲೆ ಇವತ್ತಿಗೂ ಹಾಕುತ್ತಾರೆ. ನಗಬೇಡಿ.

ಮಾತಾಡಲು ಅವಕಾಶ ಸಿಕ್ಕರೆ ಸಮಯ ನೋಡಿಕೊಳ್ಳಿ. ಅಕ್ಕನ ಮಗಳ ಮನೆಗೆ ಹೋದಾಗ ನಾನೂ ಒಂದು ಸಂಜೆ ಅಲ್ಲಿನ ಪ್ಲಾನಿಂಗ್ ಸಮಿತಿಯಲ್ಲಿ ಕೂತಿದ್ದೆ. ಪಕ್ಕದ ಮನೆಯವರು ಹಿಂದುಗಡೆ ಕಟ್ಟಡ ಎತ್ತರಿಸುತ್ತಿದ್ದಾರೆ ಅಂತ ಒಬ್ಬ ಅಜ್ಜಿ ಆಕ್ಷೇಪ ಹೇಳಲು ಬಂದಿದ್ದರು. ಮೂರು ನಿಮಿಷ ಕೊಟ್ಟರು. ತಾವು ಆ ಬೀದಿಗೆ ಯಾವಾಗ ಬಂದದ್ದು, ಗಂಡ ಹೇಗೆ ತೋಟ ಮಾಡಿದರು, ಮನೆಯ ಬೆಲೆ ಎಷ್ಟು ಬೀಳಬಹುದು ಅಂತ ಎರಡೂವರೆ ನಿಮಿಷ ಹೇಳಿದರು. ಮನೆ ಬೆಲೆ, ಕಿಟಕಿಯ ನೋಟ ಇವು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಬೆಳಕು, ಇಣುಕು, ಸದ್ದು, ವಾಹನ ಇವು ಬರುತ್ತವೆ. ‘ನನ್ನ ಅಡುಗೆಮನೆಗೆ ಮಧ್ಯಾಹ್ನದ ಬೆಳಕು...’ ಅನ್ನುವಷ್ಟರಲ್ಲಿ ಗಂಟೆ ಹೊಡೆಯಿತು. ಮೂಗಿನ ಮೇಲಿನ ಕನ್ನಡಕ ತೆಗೆದು, ಕಾಗದ ಮಡಿಸಿ ಇಟ್ಟುಕೊಂಡು ಕೂತರು. ನನಗೆ ಎದ್ದು ಹೋಗಿ ಆ ಒಂದು ವಾಕ್ಯ ಮುಗಿಸಿ ಬರೋಣ ಅನಿಸಿತ್ತು.

ಪಾಸ್‌ಪೋರ್ಟಿನ ಮಾತು. ಇಲ್ಲಿ ನೀವು ಪೂರ್ತಿ ತಪ್ಪು ತಿಳಿದಿದ್ದೀರಿ. ಭಾರತ ಕಾಮನ್‌ವೆಲ್ತ್ ದೇಶ. ಅಲ್ಲಿ ಇರಲು ಸರಿಯಾದ ವೀಸಾ ಇದ್ದರೆ ಇಂಡಿಯನ್ ಪಾಸ್‌ಪೋರ್ಟ್ ಇಟ್ಟುಕೊಂಡೇ ಕೌನ್ಸಿಲ್ ಚುನಾವಣೆಯಲ್ಲಿ ಮತ ಹಾಕಬಹುದು, ಪಾರ್ಲಿಮೆಂಟಿಗೂ ಹಾಕಬಹುದು. ಪಟ್ಟಿಗೆ ಹೆಸರು ಸೇರಿಸಬೇಕು, ಅಷ್ಟೇ. ಏಳು ವರ್ಷ ಸುಮ್ನೆ ಬಿಟ್ಟಿದ್ದೀರಾ? ಅಂಥ ಸಭಾಂಗಣದಲ್ಲಿ ನಮ್ಮವರು ಕೂತೂ ಆಗಿದೆ. ಕಲಬುರಗಿಯ ನೀರಜ್ ಪಾಟೀಲ್ 2010ರಲ್ಲಿ ಲ್ಯಾಂಬೆತ್ ಬರೋದ ಮೇಯರ್ ಆಗಿದ್ದರು. ಅದೇ ಬರೋದಲ್ಲಿ, ಥೇಮ್ಸ್ ನದಿ ದಡದಲ್ಲಿ, ಪಾರ್ಲಿಮೆಂಟಿನ ಆಚೆ ದಡಕ್ಕೆ ಬಸವಣ್ಣನ ಮೂರ್ತಿ ಇದೆ. 2015ರ ನವೆಂಬರ್ 14ರಂದು ಅನಾವರಣ ಮಾಡಿದವರು ಪ್ರಧಾನಿ ಮೋದಿ. ಪೇಪರಿನಲ್ಲಿ ಆ ಫೋಟೊ ಎಲ್ಲರೂ ನೋಡಿದ್ದೇವೆ. ಆದರೆ ಮೂರ್ತಿ ನಿಲ್ಲಿಸಲು ಕೌನ್ಸಿಲ್‌ನ ಪ್ಲಾನಿಂಗ್ ಅನುಮತಿ ಬೇಕಿತ್ತು. ಅನುಭವ ಮಂಟಪದ ಬಸವಣ್ಣನೂ ಇಂಥದೇ ಒಂದು ಅಜೆಂಡಾ ದಾಟಿ ಬಂದವನು.

ನಿಮಗೊಂದು ಹೊಟ್ಟೆಕಿಚ್ಚಿನ ಮಾತನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾಯಿತ ಸಭೆಯೇ ಇರಲಿಲ್ಲ. ಬೇಜಾರಾಗಿ ಆಕಳಿಸಲಿಕ್ಕೂ ನಮಗೊಂದು ಗ್ಯಾಲರಿ ಇರಲಿಲ್ಲ.

ಕೊನೆಗೆ ನಿಮ್ಮ ಅತ್ತೆಯವರ ಪ್ರಶ್ನೆ: ಆ ಗದೆ ಚಿನ್ನದ್ದಾ? ಸಾಮಾನ್ಯವಾಗಿ ಬೆಳ್ಳಿಗೆ ಚಿನ್ನದ ಲೇಪ ಕೊಟ್ಟಿರುತ್ತಾರೆ. ಮೇಯರ್ ಅಧಿಕಾರದ ಗುರುತು ಅದು, ಹೊಡೆಯುವುದಕ್ಕಲ್ಲ. ‘ಇಷ್ಟು ದೊಡ್ಡ ಗದೆ ಇಟ್ಟುಕೊಂಡು ಒಬ್ಬರಿಗೂ ಗದರಲಿಲ್ಲವಲ್ಲ’ ಅಂದರಂತೆ. ಅವರಿಗೆ ನನ್ನ ನಮಸ್ಕಾರ ತಿಳಿಸಿ. ಸ್ಕ್ರೂಟಿನಿ ಸಮಿತಿಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ಕಂಬಳಿ ಮರೆಯಬೇಡಿ. ಅಂಥ ಸಭಾಂಗಣಗಳಲ್ಲಿ ಗ್ಯಾಲರಿಗೆ ಹೀಟರ್ ಶಾಖ ತಲುಪುವುದಿಲ್ಲ, ನನ್ನ ಸ್ವಂತ ಅನುಭವ.

— ಸಂಪಾದಕ